ಕೂಸಿಲ್ಲದ ಬಾಣಂತನ

ಹೋದ ವಾರ ಬ್ರಹ್ಮಾವರದಲ್ಲಿ ನೆಂಟರ ಮನೆಗೆ ಮಗು ನೋಡಲು ಹೋಗಿದ್ದೆ. ಜಗಲಿ ಹತ್ತುವಾಗಲೇ ಒಳಗಿಂದ ವಾಸನೆ ಬಂತು. ತುಪ್ಪದಲ್ಲಿ ಬೆಳ್ಳುಳ್ಳಿ ಕೆಂಪಗೆ ಹುರಿಯುತ್ತಿದ್ದರು, ಪಕ್ಕದ ಒಲೆಯಲ್ಲಿ ಮೆಂತೆ. ನಾನು ಒಳಗೆ ಹೋಗಲಿಲ್ಲ. ಮಗುವನ್ನು ಹೊರಗೇ ತಂದು ತೋರಿಸಿ ಎಂದೆ. ಮುದುಕಿಗೆ ಸೊಕ್ಕು ಎಂದುಕೊಂಡಿರಬೇಕು, ತಂದು ತೋರಿಸಿದರು. ನೋಡಿದೆ, ಕೈಗೆ ದುಡ್ಡು ಹಿಡಿಸಿದೆ, ಎದ್ದು ಬಂದೆ. ಆ ವಾಸನೆ ಮೂಗಿಗೆ ಬಿದ್ದರೆ ನನ್ನ ಬಾಯಿಯಲ್ಲಿ ಈಗಲೂ ರಕ್ತದ ರುಚಿ ಬರುತ್ತದೆ. ಅದು ತೊಂಬತ್ತೊಂಬತ್ತರ ಮಳೆಗಾಲದಲ್ಲಿ ಹತ್ತಿದ ರುಚಿ. ಹೋಗಿಲ್ಲ.

ಆಗ ನನಗೆ ಐವತ್ತು ತುಂಬಿರಲಿಲ್ಲ. ಗಂಗೊಳ್ಳಿಯಲ್ಲಿ ಮನೆ. ಗಂಡ ಸತ್ತ ಮೇಲೆ ಮೀನಿನ ಹೆಡಿಗೆ ತಲೆಯ ಮೇಲಿಟ್ಟುಕೊಂಡು ಹೊಳೆ ದಾಟಿ ಕುಂದಾಪುರಕ್ಕೆ ಹೋಗುತ್ತಿದ್ದೆ. ಮೊದಮೊದಲು ದೋಣಿ ಇಳಿದು ಪೇಟೆಗೆ ಒಂದೇ ಉಸಿರಿಗೆ ನಡೆಯುತ್ತಿದ್ದವಳು. ಆಮೇಲೆ ದಾರಿಯಲ್ಲಿ ನಿಲ್ಲುವುದು ಶುರುವಾಯಿತು. ಒಂದು ಕಡೆ ನಿಂತೆ, ಎರಡು ಕಡೆ ನಿಂತೆ, ಕೊನೆಗೆ ಮನೆಯಿಂದ ದೋಣಿ ಕಟ್ಟುವ ದಕ್ಕೆಗೆ ಹೋಗುವಾಗಲೇ ಗೋಡೆ ಹಿಡಿಯುವ ಹಾಗಾಯಿತು. ಮಲಗಿದರೆ ಉಸಿರು ಕಟ್ಟುತ್ತಿತ್ತು, ಕೂತೇ ನಿದ್ದೆ ಮಾಡುತ್ತಿದ್ದೆ. ಊರಿನವರು ದಮ್ಮು ಎಂದರು. ದಮ್ಮಿಗೆ ಏನೆಲ್ಲ ಕುಡಿಯುತ್ತಾರೋ ಎಲ್ಲ ಕುಡಿದೆ. ಒಂದು ದಿನ ದೋಣಿಯಲ್ಲಿ ಕೆಮ್ಮಿ ಉಗುಳಿದಾಗ ನೊರೆ ಕೆಂಪಗಿತ್ತು. ಪಕ್ಕದಲ್ಲಿ ಕೂತಿದ್ದ ಹೆಂಗಸರು ಕ್ಷಯ ಎಂದು ತಮ್ಮ ತಮ್ಮ ಹೆಡಿಗೆ ಎಳೆದುಕೊಂಡು ದೂರ ಸರಿದರು. ನಾನಾದರೂ ಹಾಗೆಯೇ ಮಾಡುತ್ತಿದ್ದೆ.

ಮಗ ಶೇಖರ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದ. ಅಲ್ಲಿನ ಡಾಕ್ಟರು ಎದೆಯ ಮೇಲೆ ಎಣ್ಣೆಯಂಥದ್ದು ಸವರಿ, ಯಂತ್ರ ಇಟ್ಟು ನೋಡಿ, ಸಣ್ಣವಳಿದ್ದಾಗ ಜ್ವರ ಬಂದು ಗಂಟುಗಳೆಲ್ಲ ಬಾತಿದ್ದು ಇದೆಯಾ ಎಂದು ಕೇಳಿದರು. ಇತ್ತು. ಮೂರನೇ ಕ್ಲಾಸು ಬಿಟ್ಟದ್ದೇ ಆ ಜ್ವರಕ್ಕೆ. ಅಮ್ಮ ಎಲೆ ಬಿಸಿ ಮಾಡಿ ಮಂಡಿಗೆ ಕಟ್ಟಿದ್ದಳು, ಬಾವು ಇಳಿಯಿತು, ಎಲ್ಲರೂ ಮರೆತರು. ಆ ಜ್ವರ ಅಷ್ಟು ವರ್ಷ ಎದೆಯೊಳಗೆ ಕೂತು ಹೃದಯದ ಬಾಗಿಲೊಂದನ್ನು ತಿಂದಿದೆ, ಅದು ಕಲ್ಲಿನ ಹಾಗೆ ಗಟ್ಟಿಯಾಗಿ ಸರಿಯಾಗಿ ತೆರೆಯುವುದೂ ಇಲ್ಲ ಮುಚ್ಚುವುದೂ ಇಲ್ಲ, ತೆಗೆದು ಲೋಹದ್ದು ಕೂರಿಸಬೇಕು ಎಂದರು. ಒಪ್ಪಿಗೆ ಇದೆಯಾ ಎಂದು ಕೇಳಿದರು.

"ಬಾಗ್ಲ್ ಹಾಳಾರೆ ಬೇರೆ ಬಾಗ್ಲ್ ಇಡಿ. ನನ್ನ್ ಹತ್ರ ಎಂತ ಕೇಂತ್ರಿ," ಎಂದೆ.

ಬೇಸಿಗೆ ಮುಗಿಯುವ ಹೊತ್ತಿಗೆ ಆಪರೇಷನ್ ಆಯಿತು. ಎದೆಯ ಎಲುಬನ್ನು ಗರಗಸದಲ್ಲಿ ಕೊಯ್ದು, ಎರಡು ಪಾಲು ಮಾಡಿ, ಕೆಲಸ ಮುಗಿಸಿ, ತಂತಿಯಲ್ಲಿ ಬಿಗಿದಿದ್ದರು. ನಾನು ಬದುಕಿಡೀ ಮೀನು ಸಿಗಿದವಳು, ಸಿಗಿಸಿಕೊಂಡ ಮೇಲೆ ಹೇಗಿರುತ್ತದೆ ಎಂದು ಗೊತ್ತಿರಲಿಲ್ಲ. ಗೊತ್ತಾಯಿತು. ಕೆಮ್ಮು ಬಂದರೆ ದಿಂಬನ್ನು ಎದೆಗೆ ಅವಚಿಕೊಂಡು ಕೆಮ್ಮಬೇಕು. ಸೀನು ಬಂದರೆ ದೇವರೇ ಗತಿ. ಎಲ್ಲಕ್ಕಿಂತ ವಿಚಿತ್ರ, ಒಳಗಿಂದ ಟಿಕ್ ಟಿಕ್ ಶಬ್ದ. ಸುತ್ತ ಗದ್ದಲ ಇಲ್ಲದಿದ್ದರೆ ನನಗೂ ಕೇಳುತ್ತಿತ್ತು, ಪಕ್ಕದ ಮಂಚದವಳಿಗೂ ಕೇಳುತ್ತಿತ್ತು. ಆ ಲೋಹಕ್ಕೆ ರಕ್ತ ಹೆಪ್ಪುಗಟ್ಟಿ ಅಂಟಬಾರದೆಂದು ರಕ್ತ ತೆಳುವಾಗುವ ಗುಳಿಗೆ ಕೊಟ್ಟರು, ಸಾಯುವ ತನಕ ನುಂಗಬೇಕು. ಮನೆಗೆ ಕಳಿಸುವಾಗ ನರ್ಸು ನನಗಿಂತ ಹೆಚ್ಚಾಗಿ ನನ್ನ ಸೊಸೆ ಪ್ರೇಮಳಿಗೆ ಹೇಳಿದಳು: ಗುಳಿಗೆ ತಪ್ಪಬಾರದು, ತಿಂಗಳು ತಿಂಗಳು ಬಂದು ರಕ್ತ ಎಷ್ಟು ತೆಳುವಾಗಿದೆ ಎಂದು ತೋರಿಸಬೇಕು, ಕೈ ಹಿಡಿದು ಎಳೆದು ಏಳಿಸಬಾರದು, ಸೊಪ್ಪು ಬೇರು ಕಷಾಯ ಎಂದು ಬೇರೇನೂ ಕೊಡಬಾರದು, ಎಲ್ಲಿಯಾದರೂ ರಕ್ತ ಬಂದರೆ ತಕ್ಷಣ ಬರಬೇಕು. ಪ್ರೇಮ ಆಗ ಬಸುರಿ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಎಲ್ಲದಕ್ಕೂ ಹೂಂ ಎಂದಳು.

ಮನೆಗೆ ಬಂದರೆ ಅಂಗಳದಲ್ಲಿ ನನ್ನಕ್ಕ ನಿಂತಿದ್ದಳು. ಕಂಕುಳಲ್ಲಿ ಬಟ್ಟೆಯ ಗಂಟು, ಕೈಯಲ್ಲಿ ಎಣ್ಣೆಯ ಡಬ್ಬಿ.

ಅಕ್ಕನ ಹೆಸರು ರುಕ್ಕು. ಊರಿಗೆಲ್ಲ ರುಕ್ಕಕ್ಕ. ಯಡ್ತರೆಗೆ ಮದುವೆಯಾಗಿದ್ದಳು. ಮಕ್ಕಳಾಗಲಿಲ್ಲ, ಗಂಡ ಬೇಗ ಸತ್ತ. ಮೈದುನನ ಮನೆಯಲ್ಲಿ ಅವಳಿಗೆ ಒಂದು ಮೂಲೆ ಇತ್ತು, ಆದರೆ ಅವಳು ಆ ಮೂಲೆಯಲ್ಲಿ ಕೂತದ್ದು ಕಡಿಮೆ. ಬೈಂದೂರಿನಿಂದ ಸಾಲಿಗ್ರಾಮದ ತನಕ ಯಾರ ಮನೆಯಲ್ಲಿ ಹೆರಿಗೆಯಾದರೂ ಬಾಣಂತನಕ್ಕೆ ರುಕ್ಕಕ್ಕ ಬರಬೇಕು. ಒಂದು ಮನೆಯಲ್ಲಿ ಬಾಣಂತಿ ಏಳುವ ತನಕ ಉಂಡು, ಅಲ್ಲಿಯೇ ಮಲಗಿ, ಅವರು ಕೊಟ್ಟ ಸೀರೆ ಉಟ್ಟು ಇನ್ನೊಂದು ಮನೆಗೆ ಹೋಗುತ್ತಿದ್ದಳು. ಹೆರದವಳ ಕೈಯಲ್ಲಿ ಬಾಣಂತನ ಯಾಕೆ ಎಂದು ಹಿಂದಿನಿಂದ ಆಡುವವರಿದ್ದರು. ಅವರ ಸೊಸೆ ಹೆತ್ತಾಗ ಅವರೇ ಮೊದಲು ವೀಳ್ಯ ಹಿಡಿದು ಬರುತ್ತಿದ್ದರು. ನನ್ನ ಬಾಣಂತನವನ್ನೂ ಅವಳೇ ಮಾಡಿದ್ದು. ಪ್ರೇಮಳಿಗೆ ತಾಯಿ ಇಲ್ಲ, ಹಾಗಾಗಿ ಅವಳದ್ದೂ ನಮ್ಮ ಮನೆಯಲ್ಲೇ, ರುಕ್ಕಕ್ಕನ ಕೈಯಲ್ಲೇ ಎಂದು ಮಾತಾಗಿತ್ತು.

"ಪ್ರೇಮಂದ್ ಇನ್ನೂ ದಿನ ಇತ್ತಲೆ ಅಕ್ಕ. ಈಗ್ಳೆ ಎಂತಕ್ಕ್ ಬಂದದ್ದ್?" ಎಂದೆ.

"ಪ್ರೇಮಂಗ್ ಅಲ್ಲ, ನಿಂಗ್ ಬಂದದ್. ಕೂಸ್ ಹೊಟ್ಟಿಂದ ಹೊರ್ಗ್ ಬಂದ್ರೂ ಬಿರಿದದ್ದೇ, ಎದಿ ಕೊಯ್ದ್ರೂ ಬಿರಿದದ್ದೇ. ಬಿರಿದ ಮೈ ಕೂಡುಕ್ ಕಾವ್ ಬೇಕ್. ಆಸ್ಪತ್ರಿ ಅವ್ರಿಗ್ ಹೊಲುಕ್ ಗೊತ್ತಿತ್ತ್, ಕಾಸುಕ್ ಗೊತ್ತಿತ್ತಾ?"

ಪ್ರೇಮ ನಡುವೆ ಬಾಯಿ ಹಾಕಿದಳು. "ದೊಡ್ಡತ್ತೆ, ಬೇರೆ ಮದ್ದ್ ಎಂತದೂ ಕೊಡುಕಾಗ ಅಂತ ಹೇಳಿರ್."

"ಮದ್ದ್ ಯಾರ್ ಕೊಡ್ತ್ರ್? ನಾ ಕೊಡುದ್ ಅನ್ನ, ಬೆಳ್ಳುಳ್ಳಿ, ಮೆಂತೆ, ಒಳ್ಳೆಮೆಣ್ಸ್. ಇಷ್ಟ್ ವರ್ಷ ಇದ್ನೇ ತಿಂದ್ ಊರಲ್ಲ್ ಯಾರ್ ಸತ್ತಿರ್ ಹೇಳ್?"

ಯಾರೂ ಸತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನನಗೆ ವಾದ ಬೇಕಾಗಿಯೂ ಇರಲಿಲ್ಲ. ಆಸ್ಪತ್ರೆಯಲ್ಲಿ ಅಷ್ಟು ದಿನ ನನ್ನನ್ನು ಮುಟ್ಟಿದವರೆಲ್ಲ ಸೂಜಿ ಹಿಡಿದೇ ಮುಟ್ಟಿದ್ದರು. ಬೆನ್ನಿಗೆ ಒಂದು ಹಂಡೆ ಬಿಸಿ ನೀರು ಬಿದ್ದರೆ ಸಾಕು ಅನ್ನಿಸಿತ್ತು.

ಮೊದಲನೆಯ ದಿನ ಮಣೆಯ ಮೇಲಿಂದ ನನ್ನನ್ನು ಕಂಕುಳಿಗೆ ಕೈ ಹಾಕಿ ಎತ್ತಿದಳು. ಬಾಣಂತಿಯರನ್ನು ಎತ್ತುವ ಹಾಗೆಯೇ ಎತ್ತಿದ್ದು. ಎದೆಯ ಎಲುಬು ಕಟಕ್ ಎಂದಿತು. ನಾನು ಕಿರುಚಿದ್ದಕ್ಕೆ ದಕ್ಕೆಯಲ್ಲಿ ಬಲೆ ನೇಯುತ್ತಿದ್ದವರು ಓಡಿ ಬಂದರಂತೆ. "ಹೆತ್ತವ್ಳ್ ನೀ, ಇದ್ಕೆ ಕೂಗ್ತ್ಯಾ?" ಎಂದಳು. ಆಮೇಲೆ ಎತ್ತುವುದನ್ನು ಬಿಟ್ಟಳು, ಅಷ್ಟು ಬುದ್ಧಿ ಇತ್ತು. ಆದರೆ ಹೊಟ್ಟೆ ಕಟ್ಟುವ ಹಾಗೆ ಹಳೇ ಸೀರೆಯಿಂದ ಎದೆಯನ್ನು ಸುತ್ತಿ ಬಿಗಿದಳು. ಗಾಯದ ಮೇಲೆ ನೀರು ಬೀಳದಂತೆ ನನ್ನನ್ನು ಬಗ್ಗಿಸಿ ಬೆನ್ನಿಗೆ, ಸೊಂಟಕ್ಕೆ, ತೊಡೆಗೆ ಬಿಸಿ ನೀರು ಹೊಯ್ದಳು. ಕೈಕಾಲಿಗೆ ಅರಿಶಿನದ ಎಣ್ಣೆ ಹಾಕಿ ತಿಕ್ಕಿದಳು. ಆಪರೇಷನ್ ಆದ ಮೇಲೆ ನನಗೆ ಸರಿಯಾಗಿ ನಿದ್ದೆ ಬಂದದ್ದು ಆವತ್ತು. ಹೊರಗೆ ಆಗತಾನೇ ಶುರುವಾದ ಮಳೆ. ಒಳಗೆ ಹೊಗೆ, ಎಣ್ಣೆ, ಬಿಸಿ. ಬದುಕಿದೆ ಎಂದು ಮೊದಲ ಸಲ ಅನ್ನಿಸಿತು. ಇದನ್ನು ಹೇಳದಿದ್ದರೆ ಸುಳ್ಳಾಗುತ್ತದೆ.

ಊಟ ಬಾಣಂತಿಯದ್ದೇ. ಕುಚ್ಚಲಕ್ಕಿ ಅನ್ನಕ್ಕೆ ಒಳ್ಳೆಮೆಣಸಿನ ಕಾಳು ಅರೆದ ಸಾರು, ಬೆಳಿಗ್ಗೆ ಸಂಜೆ ಮುಷ್ಟಿ ತುಂಬ ಹುರಿದ ಬೆಳ್ಳುಳ್ಳಿ, ಬೆಲ್ಲ ಹಾಕಿ ಕಾಯಿಸಿದ ಮೆಂತೆ, ಅರಿಶಿನ ಶುಂಠಿ ಕುಟ್ಟಿದ ಉಂಡೆ. ಮೀನಿಲ್ಲ. ಮೀನಿನ ದುಡಿಮೆಯಲ್ಲೇ ಬದುಕಿದವಳಿಗೆ ಒಣಮೀನಿನ ಒಂದು ತುಂಡೂ ಇಲ್ಲ. ನೀರು ಕೂಡ ಲೆಕ್ಕದಲ್ಲಿ. ನೀರು ಹೆಚ್ಚು ಕುಡಿಯಬೇಡಿ ಎಂದು ಡಾಕ್ಟರೂ ಹೇಳಿದ್ದಾರೆ ಎಂದು ಪ್ರೇಮ ಹೇಳಿಬಿಟ್ಟಳು. ಅಕ್ಕ ಗೆದ್ದವಳ ಹಾಗೆ ಸೊಂಟಕ್ಕೆ ಕೈಯಿಟ್ಟಳು. "ಕಂಡ್ಯಾ? ಡಾಕ್ಟ್ರೂ ನಾ ಹೇಳ್ದದ್ನೇ ಹೇಳದ್ದ್. ಅಂವ ಓದಿ ಹೇಳದ್, ನಾ ಓದ್ದೆ ಹೇಳದ್."

ಮಳೆಗಾಲದಲ್ಲಿ ದೋಣಿಗಳೆಲ್ಲ ಮೇಲೆ. ಗಂಡಸರಿಗೆ ಕೆಲಸ ಇಲ್ಲ, ಹೆಂಗಸರಿಗೆ ಮಾರಲು ಮೀನಿಲ್ಲ. ಊರಿಗೆ ಊರೇ ನನ್ನ ಎದೆಯ ಶಬ್ದ ಕೇಳಲು ಬಂತು. ಬಾಣಂತಿ ನೋಡಲು ಬರುವ ಹಾಗೆ ಬೆಲ್ಲ ತುಪ್ಪ ಹಿಡಿದುಕೊಂಡೇ ಬರುತ್ತಿದ್ದರು. ಕೆಲವರು ಕಿವಿಯನ್ನೇ ತಂದು ಎದೆಗೆ ಇಡುತ್ತಿದ್ದರು. ಪಕ್ಕದ ಕೇರಿಯ ಸರೋಜ ಅವರಲ್ಲೊಬ್ಬಳು. ಅವಳ ಮಗಳು ಬಸುರಿ, ಶ್ರಾವಣದ ಹೊತ್ತಿನ ಸೋಣೆ ತಿಂಗಳಿಗೆ ಹೆರುವವಳು. ಆ ಬಾಣಂತನಕ್ಕೂ ಅಕ್ಕನಿಗೇ ವೀಳ್ಯ ಕೊಟ್ಟಾಗಿತ್ತು.

"ಹ್ವಾಯ್ ಗಿರ್ಜಕ್ಕ, ಅದ್ಕೆ ಬ್ಯಾಟ್ರಿ ಹಾಕ್ಕಾ?" ಎಂದು ಸರೋಜ ಕೇಳಿದಳು.

"ಹಾಕ್ಕ್. ನಿನ್ನ್ ಗಂಡನ್ ಟಾರ್ಚಿಂದ್ ತೆಗ್ದ್ ಕೊಡ್. ಅಂವ ಹ್ಯಾಂಗೂ ರಾತ್ರಿ ಮನಿಗ್ ಬತ್ತಿಲ್ಲೆ ಅಂಬ್ರಲೆ."

ಎಲ್ಲರೂ ನಕ್ಕರು. ಸರೋಜಳೂ ನಕ್ಕಳು, ಆದರೆ ಅವಳ ಹಲ್ಲು ಮಾತ್ರ ನಕ್ಕಿತ್ತು. ನಗುವಾಗ ನನ್ನ ಎಲುಬು ನೋಯುತ್ತಿತ್ತು. ಆದರೂ ಆಡದೆ ಬಿಡುವವಳಲ್ಲ ನಾನು.

ಆಸಾಡಿಯಲ್ಲಿ ರಕ್ತ ತೋರಿಸಲು ಹೋಗುವ ದಿನ ಬಂತು. ಹಿಂದಿನ ದಿನದಿಂದ ಬಿಡದೆ ಸುರಿಯುತ್ತಿತ್ತು, ಹೊಳೆ ಕೆಂಪಗೆ ತುಂಬಿತ್ತು. ಪ್ರೇಮ ಬೆಳಿಗ್ಗೆಯೇ ಹೊರಟು ನಿಂತಳು. ಅಕ್ಕ ಬಾಗಿಲಿಗೆ ಅಡ್ಡ ಬಂದಳು.

"ಬಾಣಂತಿ ಹೊಸ್ಲ್ ದಾಂಟುಕಾಗ. ಈ ಥಂಡಿ ಎದಿಗ್ ಹೊಕ್ರೆ ಮತ್ತ್ ಯಾವ ಡಾಕ್ಟ್ರೂ ತೆಗುದಿಲ್ಲೆ."

"ಅತ್ತೆ ಬಾಣಂತಿ ಅಲ್ಲ ದೊಡ್ಡತ್ತೆ," ಎಂದಳು ಪ್ರೇಮ.

"ನೀ ಒಂದ್ ಹೆತ್ತ್ ಆಯ್ಲಿ. ಮತ್ತ್ ನಂಗ್ ಕಲ್ಸ್."

ಶೇಖರ ಮಳೆಯನ್ನೊಮ್ಮೆ ನೋಡಿ, ಮುಂದಿನ ವಾರ ಹೋದರಾಯಿತು ಎಂದ. ಅವನಿಗೆ ಬಸ್ಸಿನಲ್ಲಿ ಒದ್ದೆಯಾಗುವುದು ಬೇಡವಾಗಿತ್ತು. ನನಗೂ ಸೂಜಿ ಬೇಡವಾಗಿತ್ತು. ಮುಂದಿನ ವಾರವೂ ಮಳೆ ಬಂತು.

ಆಮೇಲೆ ಹಲ್ಲುಜ್ಜಿದರೆ ವಸಡಿನಿಂದ ರಕ್ತ ಬರತೊಡಗಿತು. ಉಗುಳಿದರೆ ಕೆಂಪು. ತೋಳಿನಲ್ಲಿ, ತೊಡೆಯಲ್ಲಿ ಅಂಗೈ ಅಗಲದ ನೀಲಿ ಕಲೆಗಳೆದ್ದವು, ಬಡಿದವರು ಯಾರೂ ಇಲ್ಲ. ಪ್ರೇಮ ನೋಡಿ ಮುಖ ಬಿಳಿ ಮಾಡಿಕೊಂಡಳು. ಅಕ್ಕನ ಮುಖ ಅರಳಿತು. ಹೆತ್ತವಳ ಮೈಯಿಂದ ಕೆಟ್ಟ ರಕ್ತ ಹೋಗಬೇಕು, ಹೋದಷ್ಟೂ ಒಳ್ಳೆಯದು, ನಿಂತರೆ ಅಪಾಯ. ಬದುಕಿಡೀ ಅವಳು ನೋಡಿದ್ದು ಅದನ್ನೇ, ಕಾದದ್ದು ಅದಕ್ಕೇ. "ಕಾಣ್, ಆಪ್ರೇಶನ್ ಮಾಡ್ದ ಕೆಟ್ಟ್ ನೆತ್ರ್ ಹೊರ್ಗ್ ಬಪ್ಪುಕ್ ಸುರು ಆಯ್ತ್," ಎಂದಳು. ಬೆಳ್ಳುಳ್ಳಿಯನ್ನು ಎರಡರಷ್ಟು ಮಾಡಿದಳು. ನಾನು ತಿಂದೆ. ಬಾಯಿಯ ರಕ್ತದ ಜೊತೆ ಬೆಳ್ಳುಳ್ಳಿ ನುಂಗಿದೆ.

ಬಚ್ಚಲಿನಲ್ಲಿ ಬಿದ್ದದ್ದು ಒಂದು ಬೆಳಿಗ್ಗೆ. ಅದಕ್ಕೂ ಮೊದಲು ಎರಡು ದಿನ ಮಲ ಟಾರಿನ ಹಾಗೆ ಕಪ್ಪಗೆ ಹೋಗುತ್ತಿತ್ತು, ನಾಚಿಕೆಗೆ ಯಾರಿಗೂ ಹೇಳಿರಲಿಲ್ಲ. ಅಕ್ಕ ಬೆನ್ನಿಗೆ ನೀರು ಹೊಯ್ಯುತ್ತಿದ್ದಳು. ಮೂಗಿನಿಂದ ಏನೋ ಇಳಿದ ಹಾಗಾಯಿತು. ನೀರು ಎಂದುಕೊಂಡೆ. ನೆಲ ನೋಡಿದರೆ ಕೆಂಪು. ಹಂಡೆಯ ಕಂಠ ಹಿಡಿಯಲು ಹೋದೆ, ಕೈ ಸುಟ್ಟಿತು, ಬಿದ್ದೆ. ಅಕ್ಕ ಮೂಗಿಗೆ ಅರಿಶಿನ ತುಂಬಿದಳು, ಕಾಫಿಪುಡಿ ತುಂಬಿದಳು, ತಲೆಗೆ ತಣ್ಣೀರು ಹೊಯ್ದಳು. ನಿಲ್ಲಲಿಲ್ಲ. ಮೂಗು ಮುಚ್ಚಿದರೆ ಗಂಟಲಿಗೆ ಇಳಿಯುತ್ತಿತ್ತು. ತುಂಬು ಹೊಟ್ಟೆಯ ಪ್ರೇಮ ಮಳೆಯಲ್ಲೇ ರಸ್ತೆಗೆ ಓಡಿ ಜೀಪು ನಿಲ್ಲಿಸಿದಳು. ತ್ರಾಸಿ ದಾಟುವ ತನಕ ನನಗೆ ನೆನಪಿದೆ. ಹೆದ್ದಾರಿಯ ಪಕ್ಕದಲ್ಲೇ ಸಮುದ್ರ ಬಡಿಯುತ್ತಿತ್ತು, ಅಕ್ಕ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತನ್ನ ಸೆರಗನ್ನು ಮೂಗಿಗೆ ಒತ್ತಿ ಹಿಡಿದಿದ್ದಳು. ಬಿಳಿ ಸೆರಗು. ಆಮೇಲೆ ನೆನಪಿಲ್ಲ.

ಎಚ್ಚರವಾದಾಗ ಅದೇ ಡಾಕ್ಟರು ನಿಂತಿದ್ದರು. ಎರಡೂ ಕೈಗೆ ಸೂಜಿ, ಒಂದರಲ್ಲಿ ರಕ್ತ ಏರುತ್ತಿತ್ತು.

"ಏನೇನು ತಿಂದಿದ್ದೀರಿ?" ಎಂದು ಕೇಳಿದರು.

ಪ್ರೇಮ ಒಂದೊಂದೇ ಹೇಳಿದಳು. ಬೆಳ್ಳುಳ್ಳಿ ಎಷ್ಟು ಎಂದು ಕೇಳಿದಾಗ ಮುಷ್ಟಿ ಹಿಡಿದು ತೋರಿಸಿದಳು. ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ರಕ್ತ ತೆಳು ಮಾಡುವ ಗುಳಿಗೆ ಒಂದು ಕಡೆಯಿಂದ ಎಳೆಯುತ್ತಿತ್ತು, ಇವೆಲ್ಲ ಸೇರಿ ಅದೇ ಕಡೆಗೆ ದೂಡಿವೆ, ತಿಂಗಳಿಗೆ ಸರಿಯಾಗಿ ಬಂದಿದ್ದರೆ ಗೊತ್ತಾಗುತ್ತಿತ್ತು ಎಂದರು. ಇನ್ನೂ ತಡವಾಗಿದ್ದರೆ ತಲೆಯೊಳಗೆ ರಕ್ತನಾಳ ಒಡೆದು ಅಲ್ಲಿಗೆ ಮುಗಿಯುತ್ತಿತ್ತು ಎಂದರು. ಗುಳಿಗೆ ನುಂಗದವರಿಗೆ ಆ ಊಟದಿಂದ ಏನೂ ಆಗುವುದಿಲ್ಲವಾ ಎಂದು ಪ್ರೇಮ ತನ್ನ ಹೊಟ್ಟೆ ನೋಡಿಕೊಂಡು ಕೇಳಿದಳು. ಅವರಿಗೆ ಏನೂ ಆಗುವುದಿಲ್ಲ, ಇವರಿಗೆ ವಿಷ ಎಂದರು ಡಾಕ್ಟರು. ಆ ಮಾತು ನನಗೆ ಚೆನ್ನಾಗಿ ಕೇಳಿಸಿತ್ತು.

ಅಕ್ಕ ಅಷ್ಟು ದಿನವೂ ವಾರ್ಡಿನ ಹೊರಗೆ, ಜನ ಚಪ್ಪಲಿ ಬಿಡುವ ಜಾಗದಲ್ಲಿ ಕೂತಿದ್ದಳಂತೆ. ಪ್ರೇಮ ಹೊರಗೆ ಹೋದಾಗಲೆಲ್ಲ "ಬದ್ಕತ್ತಾ?" ಎಂದು ಒಂದೇ ಮಾತು ಕೇಳುತ್ತಿದ್ದಳಂತೆ. ಒಳಗೆ ಬಾ ಎಂದು ನಾನು ಹೇಳಿ ಕಳಿಸಲಿಲ್ಲ.

ಸೋಣೆ ತಿಂಗಳು ಹಿಡಿಯುವ ಹೊತ್ತಿಗೆ ಮನೆಗೆ ಬಂದೆ. ಮಳೆ ಸ್ವಲ್ಪ ಬಿಟ್ಟಿತ್ತು, ದೋಣಿಗಳನ್ನು ನೀರಿಗಿಳಿಸುವ ತಯಾರಿಯಲ್ಲಿದ್ದರು. ಮೈಯಲ್ಲಿ ಅರ್ಧ ರಕ್ತ ಯಾರ್ಯಾರದ್ದೋ. ನಾಲ್ಕು ಹೆಜ್ಜೆಗೆ ಕಣ್ಣು ಕತ್ತಲೆ ಬರುತ್ತಿತ್ತು. ಮತ್ತೆ ಜನ ಬಂದರು, ಸರೋಜ ಎಲ್ಲರಿಗಿಂತ ಮುಂದೆ. ಅಕ್ಕ ಕಂಬಕ್ಕೆ ಒರಗಿ ಕೂತು ಹಳೇ ಬಟ್ಟೆ ಹರಿಯುತ್ತಿದ್ದಳು, ಪ್ರೇಮಳ ಕೂಸಿಗೆ ಹಾಸಲು.

"ಎಂತ ಆದದ್ ಗಿರ್ಜಕ್ಕ? ಆಪ್ರೇಶನ್ ಸಮಾ ಆಯ್ಲಿಲ್ಯಾ?" ಎಂದಳು ಸರೋಜ.

"ಆಪ್ರೇಶನ್ ಸಮಾ ಇತ್ತ್," ಎಂದೆ. "ಕೆಟ್ಟದ್ ಬಾಣಂತನ. ಕೊಯ್ದವ್ರ್ ಕೊಲ್ಲಲಿಲ್ಲೆ, ಕಾಸುಕ್ ಬಂದವ್ಳ್ ಕೊಲ್ತಿದ್ದಳ್. ನಿನ್ನ್ ಮಗ್ಳಿಗೂ ಇದೇ ಕೈ ಅಲ್ದಾ? ಜಾಗ್ರತಿ."

ಬಟ್ಟೆ ಹರಿಯುವ ಶಬ್ದ ನಿಂತಿತು.

"ಅದ್ ಗುಳ್ಗಿ ನುಂಗ್ದವ್ರಿಗ್ ಮಾತ್ರ," ಎಂದಳು ಅಕ್ಕ. ದನಿ ಮೇಲೆ ಹೋಗಲಿಲ್ಲ. "ಹೆತ್ತವ್ರಿಗ್ ಎಂತಾ ಆತ್ತಿಲ್ಲೆ. ಡಾಕ್ಟ್ರೇ ಹೇಳಿರ್ ಅಂಬ್ರ್. ಅದ್ನೂ ಹೇಳ್ ಗಿರ್ಜಾ."

ಎಲ್ಲರೂ ನನ್ನ ಬಾಯಿ ನೋಡಿದರು. ನಾನು ಹೇಳಲಿಲ್ಲ. ನ್ಯಾಯ ಹೇಳುವಷ್ಟು ರಕ್ತ ಆಗ ನನ್ನ ಮೈಯಲ್ಲಿ ಇರಲಿಲ್ಲ. ಸರೋಜ ಸ್ವಲ್ಪ ಹೊತ್ತು ಮಳೆಯ ಮಾತಾಡಿ, ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆ ಎಂದು ಎದ್ದಳು. ಅವಳ ಹಿಂದೆ ಉಳಿದವರೂ ಎದ್ದರು.

ಅಂಗಳ ಖಾಲಿಯಾದ ಮೇಲೆ ಅಕ್ಕ ಬಟ್ಟೆಗಳನ್ನು ಮಡಿಸುತ್ತಾ ಹೇಳಿದಳು. "ನೀ ಸತ್ತಿದ್ರೆ ಆಪ್ರೇಶನ್ ಆಯ್ ಸತ್ತಳ್ ಅಂತಿದ್ರ್, ನನ್ನ್ ಯಾರೂ ಕೇಂತಿರ್ಲಿಲ್ಲೆ. ನೀ ಬದ್ಕಿದ್ದಕ್ಕೆ ನಾ ಸತ್ತೆ ಕಾಣ್."

"ಹಂಗಾರೆ ನಾ ಸಾಯ್ಕಿತ್ತಾ?"

"ನಾ ಹಾಂಗ್ ಹೇಳಿಲ್ಲೆ. ಆದದ್ದ್ ಹೇಳ್ದೆ."

ಹೇಳಿದ್ದು ಸುಳ್ಳಲ್ಲ. ವಾರ ಕಳೆಯುವುದರೊಳಗೆ ಸರೋಜ ಹೇಳಿ ಕಳಿಸಿದಳು, ಮಗಳ ಬಾಣಂತನ ಗಂಡನ ಮನೆಯವರೇ ಮಾಡುತ್ತಾರಂತೆ, ರುಕ್ಕಕ್ಕ ಬರುವುದು ಬೇಡವಂತೆ. ಆಮೇಲೆ ಸಾಲಿಗ್ರಾಮದ ಕಡೆಯಿಂದ ಒಬ್ಬರು ಬೇಡ ಎಂದರು. ಮಾತು ಹೊಳೆ ದಾಟಿ, ಬಸ್ಸು ಹತ್ತಿ, ಅವಳಿಗಿಂತ ಮೊದಲು ಎಲ್ಲ ಮನೆಗೂ ಹೋಗಿ ಕೂತಿತ್ತು. ಉಳಿದದ್ದು ನಮ್ಮ ಮನೆ. ಪ್ರೇಮಳ ಹೆರಿಗೆ. ನಮ್ಮಲ್ಲಿ ಅವಳೇ ಬಾಣಂತನ ಮಾಡಿದರೆ, ತಂಗಿಯೇ ಅವಳನ್ನು ಕೈಬಿಡಲಿಲ್ಲ ಎಂದಮೇಲೆ ನಮ್ಮದೇನು ಎಂದು ನಾಲ್ಕು ಮನೆ ಮತ್ತೆ ಕರೆಯುತ್ತಿದ್ದವು. ನಮ್ಮಲ್ಲೇ ಬೇರೆಯವರು ಬಂದರೆ ಅವಳಿಗೆ ಯಡ್ತರೆಯ ಆ ಮೂಲೆಯೇ ಗತಿ. ಇದು ಅವಳಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಅವಳು ಅರಿಶಿನ ಕುಟ್ಟಿದಳು, ಹಂಡೆ ಬೆಳ್ಳಗೆ ತಿಕ್ಕಿದಳು, ಬಚ್ಚಲ ಕಲ್ಲಿನ ಮೇಲೆ ಉಳಿದಿದ್ದ ನನ್ನ ರಕ್ತದ ಕಲೆಯನ್ನು ಮರಳು ಹಾಕಿ ಉಜ್ಜಿದಳು. ನನ್ನ ಮೈಯನ್ನು ಮತ್ತೆ ಮುಟ್ಟಲು ಬರಲಿಲ್ಲ. ನಾನೂ ಕರೆಯಲಿಲ್ಲ.

ಮೊದಲಿನಿಂದ ಅಡ್ಡ ಮಾತಾಡಿದವಳು ಪ್ರೇಮ. ಕೊನೆಗೆ ಅವಳೇ ಅಕ್ಕನ ಪರ ನಿಂತಳು. ಒಂದು ಮಧ್ಯಾಹ್ನ ನನ್ನ ಕೈಗೆ ಗುಳಿಗೆ ಕೊಡುತ್ತಾ, "ಅತ್ತೆ, ನಂಗ್ ಈ ಗುಳ್ಗಿ ಇಲ್ಲೆ ಅಲ್ದಾ. ನಂಗ್ ದೊಡ್ಡತ್ತೆ ಕೈಯೇ ಸಾಕ್," ಎಂದಳು.

"ಬ್ಯಾಡ," ಎಂದೆ.

"ಎಂತಕೆ?"

"ನನ್ನ್ ಮನಿ. ಬ್ಯಾಡ."

ಕಾರಣ ಇತ್ತು. ಆ ಹಂಡೆಗೆ ಬೆಂಕಿ ಬಿದ್ದು, ಅಡಿಗೆಮನೆಯಲ್ಲಿ ಬೆಳ್ಳುಳ್ಳಿ ಸಿಡಿದು, ಅಕ್ಕನ ತಂಬಿಗೆಯ ಶಬ್ದ ಬಚ್ಚಲಿನಿಂದ ಕೇಳಿದರೆ ನಾನು ಕೂತಲ್ಲೇ ಬೀಳುತ್ತಿದ್ದೆ. ಹೆದರಿಕೆ. ಆದರೆ ಹೆದರಿಕೆ ಎಂದು ಸೊಸೆಯ ಹತ್ತಿರ ಹೇಳುವ ಬಾಯಿ ನನ್ನದಲ್ಲ.

ಮರುದಿನ ಅಕ್ಕನಿಗೆ, ಪ್ರೇಮಳ ಹೆರಿಗೆಗೆ ಇನ್ನೂ ದಿನ ಇದೆ, ನೀನು ಯಡ್ತರೆಗೆ ಹೋಗಿ ಬಾ, ಆದ ಮೇಲೆ ಹೇಳಿ ಕಳಿಸುತ್ತೇನೆ ಎಂದೆ. ಅವಳು ಬಟ್ಟೆಯ ಗಂಟು ಕಟ್ಟಿದಳು. ಎಣ್ಣೆಯ ಡಬ್ಬಿಯನ್ನು ಅಟ್ಟದ ಮೇಲೆ ಬಿಟ್ಟು ಹೋಗಲೋ, ಒಯ್ಯಲೋ ಎಂದು ಎರಡು ಸಲ ಕೈಗೆತ್ತಿಕೊಂಡು ಇಟ್ಟಳು. ಕೊನೆಗೆ ಒಯ್ದಳು.

ಪ್ರೇಮ ಕುಂದಾಪುರದ ಆಸ್ಪತ್ರೆಯಲ್ಲಿ ಗಂಡು ಹೆತ್ತಳು. ನಾನು ಹೇಳಿ ಕಳಿಸಲಿಲ್ಲ. ಶೇಖರ ಮರವಂತೆಯಿಂದ ಒಬ್ಬ ಹೆಂಗಸನ್ನು ಕರೆದುಕೊಂಡು ಬಂದ. ಗಟ್ಟಿ ಕೈ, ಅವಸರದವಳು. ನೀರು ಹೊಯ್ದು ಸಂಜೆಗೆ ತನ್ನ ಮನೆಗೆ ಹೋಗುವವಳು. ಬೆಳ್ಳುಳ್ಳಿಯನ್ನು ಅವಳ ಮನೆಯಲ್ಲೇ ಹುರಿದು ತರಬೇಕು ಎಂದು ಹೇಳಿದ್ದೆ.

ಅಕ್ಕ ಆಮೇಲೆ ಯಾರ ಮನೆಯ ಬಾಣಂತನಕ್ಕೂ ಹೋಗಲಿಲ್ಲ. ಯಡ್ತರೆಯಲ್ಲಿ ಮೈದುನನ ಮನೆಯ ದನದ ಹಟ್ಟಿ ಕೆಲಸ ಮಾಡಿಕೊಂಡು, ಅವರು ಹಾಕಿದ್ದು ಉಂಡು, ಕೆಲವು ವರ್ಷ ಇದ್ದು ಸತ್ತಳು. ಕಾಯಿಲೆ ಎಂಥದ್ದು ಎಂದು ಯಾರೂ ನೋಡಿಸಲಿಲ್ಲ. ನಾನು ಇನ್ನೂ ಇದ್ದೇನೆ. ಗುಳಿಗೆ ತಪ್ಪಿಸಿಲ್ಲ, ಸೂಜಿ ತಪ್ಪಿಸಿಲ್ಲ. ಆ ಡಾಕ್ಟರು ನಿವೃತ್ತಿಯಾಗಿ ಬೇರೆಯವರು ಬಂದಿದ್ದಾರೆ, ಇಷ್ಟು ವರ್ಷ ಬಾಳಿತಲ್ಲ ಎಂದು ನನ್ನನ್ನು ಕಲಿಯುವ ಹುಡುಗರಿಗೆ ತೋರಿಸುತ್ತಾರೆ.

ಅವಳು ನಮ್ಮ ಮನೆಗೆ ಕೊನೆಯ ಸಲ ಬಂದದ್ದು ಆ ಮಳೆಗಾಲ ಮುಗಿಯುವಾಗ, ಮಗುವನ್ನು ತೊಟ್ಟಿಲಿಗೆ ಹಾಕುವ ದಿನ. ಅದಕ್ಕೆ ಮಾತ್ರ ಕರೆಯದೆ ಇರಲಾಗಲಿಲ್ಲ, ಊರು ಉಗುಳುತ್ತಿತ್ತು. ಬೆಳಗಿನ ಬಸ್ಸಿಗೆ ಬಂದಳು. ಮಗುವಿಗೆ ಒಂದು ಅಂಗಿ ತಂದಿದ್ದಳು. ಒಳಗೆ ಹೋಗದೆ ಜಗಲಿಯಲ್ಲಿ, ಬೇರೆ ಹೆಂಗಸರ ಸಾಲಿನಲ್ಲಿ ಕೂತಳು. ಸರೋಜ ಸ್ವಲ್ಪ ಸರಿದು ಜಾಗ ಕೊಟ್ಟಳು, ಆಮೇಲೆ ಇನ್ನೂ ಸ್ವಲ್ಪ ಸರಿದಳು.

ಬಚ್ಚಲಿನಲ್ಲಿ ಮರವಂತೆಯವಳು ಮಗುವನ್ನು ಮೀಯಿಸುತ್ತಿದ್ದಳು. ಮಗು ಅಳುವುದು ಇದ್ದದ್ದೇ. ಆದರೆ ಆವತ್ತು ಅಳು ನಿಲ್ಲಲೇ ಇಲ್ಲ. ಉಸಿರು ಹಿಡಿದು, ಬಿಟ್ಟು, ಮತ್ತೆ ಹಿಡಿದು ಕಿರುಚುತ್ತಿತ್ತು. "ಸುಮ್ನಿರ್ ಮಾರಾಯ," ಎಂದು ಆ ಹೆಂಗಸು ಗದರುವುದು ಹೊರಗೆ ಕೇಳುತ್ತಿತ್ತು. ಒಳಗಿನ ಕೋಣೆಯಿಂದ ಪ್ರೇಮ, "ದೊಡ್ಡತ್ತೆ ಬಂದಿರಾ?" ಎಂದು ಕೂಗಿ ಕೇಳಿದಳು.

ಅಕ್ಕ ಎದ್ದು ನಿಂತಳು. ಅಭ್ಯಾಸ ಬಲದಿಂದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು, ರವಿಕೆಯ ತೋಳನ್ನು ಮೇಲಕ್ಕೆ ಏರಿಸಿದಳು. ಆಮೇಲೆ ನನ್ನ ಮುಖ ನೋಡಿದಳು. ಜಗಲಿಯ ಮೇಲಿದ್ದವರೆಲ್ಲ ನನ್ನ ಮುಖ ನೋಡಿದರು.

"ಶೇಖರಾ," ಎಂದು ಕರೆದೆ. "ದೊಡ್ಡಮ್ಮಂಗೆ ಒಂದ್ ಎಲೆ ಹಾಕ್. ಅವ್ಳಿಗ್ ಬಸ್ಸಿಗ್ ಹೊತ್ತಾತ್ತ್."

ತೊಟ್ಟಿಲಿಗೆ ಹಾಕುವ ಮೊದಲು ನಮ್ಮಲ್ಲಿ ಯಾರಿಗೂ ಎಲೆ ಹಾಕುವ ಕ್ರಮವಿಲ್ಲ. ಶೇಖರ ನನ್ನನ್ನೊಮ್ಮೆ ನೋಡಿ, ಎಲೆ ತಂದು ಹಾಕಿದ. ಅಷ್ಟು ವರ್ಷ ಆ ಮನೆಯ ಅಡಿಗೆಮನೆಯಲ್ಲಿ ತಾನೇ ಬಡಿಸಿಕೊಂಡು ಉಂಡವಳು, ಸಿಕ್ಕಿಸಿದ ಸೆರಗನ್ನು ಬಿಚ್ಚಿ ಇಳಿಬಿಟ್ಟು, ಎಲ್ಲರ ಎದುರು ಒಬ್ಬಳೇ ಎಲೆಯ ಮುಂದೆ ಕೂತಳು. ಅನ್ನ ಬಿತ್ತು, ಸಾರು ಬಿತ್ತು. ಕೈ ಹಾಕುವ ಮೊದಲು ಬಚ್ಚಲಿನ ಕಡೆ ಕಿವಿ ಕೊಟ್ಟು, "ನೀರ್ ತಣ್ಗ್ ಆಯ್ತ್ ಅದ್ಕೆ. ಅದ್ಕೇ ಕೂಗುದ್," ಎಂದಳು.

ಯಾರೂ ಎದ್ದು ಹೋಗಿ ಹೇಳಲಿಲ್ಲ. ಅವಳು ಉಂಡಳು. ಮಗು ಅಳುತ್ತಲೇ ಇತ್ತು.